ಬೊಗಳದ ನಾಯಿಗಳು

ಮದುವೆಯಾಗಿ ಗದಗಿನ ಕಡೆಯಿಂದ ಬೆಂಗಳೂರಿಗೆ ಬಂದಾಗ ನಮ್ಮ ಬೀದಿಯಲ್ಲಿ ಮೊದಲು ನನ್ನ ಗುರುತು ಹಿಡಿದವು ನಾಯಿಗಳು. ಗೋವಿಂದರಾಜನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಮೆಟ್ಟಿಲು ಹೊರಗಡೆಯಿಂದ. ಕೆಳಗೆ ಓನರಮ್ಮ, ಮಾಗಡಿ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ಅವರ ಮಗ, ಸೊಸೆ. ನಮ್ಮ ಮನೆಯವರು ನಾಯಂಡಹಳ್ಳಿಯ ವರ್ಕ್‌ಶಾಪಿಗೆ ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ಪಾಲಿಕೆಯನ್ನು ದೊಡ್ಡದು ಮಾಡುತ್ತಾರಂತೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ಕಾಲ ಅದು.

ಬೀದಿಯಲ್ಲಿ ಐದಾರು ನಾಯಿಗಳಿದ್ದವು. ಮೊದಲ ವಾರ ನನ್ನನ್ನು ಕಂಡರೆ ಬೊಗಳುತ್ತಿದ್ದವು, ಆಮೇಲೆ ಸುಮ್ಮನಾದವು. ನನಗೆ ಮಗಳು ಹುಟ್ಟಿದ ಮೇಲೆ ಒಂದು ದಿನ ಹಿಂದಿನ ಕ್ರಾಸಿನ ಹುಡುಗಿಯೊಬ್ಬಳಿಗೆ ನಾಯಿ ಕಚ್ಚಿತು. ಬಡಾವಣೆಯವರೆಲ್ಲ ಕೂಡಿ ಗಲಾಟೆ ಮಾಡಿದರು. ಒಂದು ಬೆಳಿಗ್ಗೆ ಬೂದು ಬಣ್ಣದ ಗಾಡಿ ಬಂತು. ಅದರ ಮೇಲೆ ಏನೂ ಬರೆದಿರಲಿಲ್ಲ. ಬಲೆ ಹಿಡಿದು ಇಳಿದವರು ಯಾರ ಜೊತೆಗೂ ಮಾತಾಡಲಿಲ್ಲ. ನಾನು ಹಾಲು ಕಾಯಿಸಿ ಇಳಿಸುವಷ್ಟರಲ್ಲಿ ಬೀದಿಯಲ್ಲಿ ಒಂದು ನಾಯಿಯೂ ಉಳಿದಿರಲಿಲ್ಲ.

ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅಲ್ಲಿಯವರೆಗೆ ನನಗೆ ತಿಳಿಯದೆಯೇ ನಾನು ನಾಯಿಗಳ ದನಿಯ ಮೇಲೆ ಬದುಕುತ್ತಿದ್ದೆ. ಪೋಸ್ಟ್‌ಮ್ಯಾನ್ ಬಂದರೆ ಒಂದು ತರಹ, ಹಳೇ ಪೇಪರಿನವನು ಬಂದರೆ ಇನ್ನೊಂದು ತರಹ ಬೊಗಳುತ್ತಿದ್ದವು. ಈಗ ಯಾರು ಬಂದರೂ ಗೊತ್ತಾಗುತ್ತಿರಲಿಲ್ಲ. ಬಾಗಿಲು ತೆಗೆದರೆ ಎದುರಿಗೆ ಯಾರೋ ನಿಂತಿರುತ್ತಿದ್ದರು. ಗ್ಯಾಸಿನವನನ್ನು ಕಂಡು ಒಮ್ಮೆ ಕಿರುಚಿಯೇಬಿಟ್ಟೆ.

ಮಧ್ಯಾಹ್ನದ ಹೊತ್ತಂತೂ ಕಷ್ಟ. ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ಮಲಗಿಸಿ ನಾನೂ ಒರಗಿದರೆ ಹೊರಗೆ ಮೆಟ್ಟಿಲ ಮೇಲೆ ಸದ್ದು. ಬಹಳ ಮೆತ್ತಗೆ. ಯಾರೋ ಹತ್ತಿ ಬರುವುದು, ಬಾಗಿಲ ಹತ್ತಿರ ಬಂದು ನಿಲ್ಲುವುದು. ಬಡಿಯುವುದಿಲ್ಲ, ಕರೆಯುವುದಿಲ್ಲ. 'ಯಾರ್ರೀ?' ಅಂದರೆ ಉತ್ತರವಿಲ್ಲ. ಧೈರ್ಯ ಮಾಡಿ ಕಿಟಕಿಯಿಂದ ಇಣುಕಿದರೆ ಖಾಲಿ ಬೀದಿ, ಬಿಸಿಲು.

ಮನೆಯವರಿಗೆ ಹೇಳಿದೆ.

'ಒಬ್ಬಾಕೀನ ಇರ್ತೀಯಲ್ಲ, ಅದಕ್ಕ ಹಂಗ ಅನಸ್ತದ,' ಅಂದರು.

ಒಂದು ದಿನ ಬಟ್ಟೆ ಒಣಹಾಕುವಾಗ ಓನರಮ್ಮ ತಾವಾಗಿಯೇ ಕೇಳಿದರು. 'ಮಧ್ಯಾಹ್ನ ಮೆಟ್ಲು ಹತ್ತೋ ಸದ್ದು ನಿಂಗೂ ಕೇಳ್ಸುತ್ತೇನಮ್ಮ?'

'ಕೇಳಸ್ತದರಿ,' ಅಂದೆ.

'ನಮ್ಮ ಯಜಮಾನ್ರು ಇದ್ದಾಗ ಊಟ ಮಾಡಿ ಅದೇ ಹೊತ್ಗೆ ಮೇಲಕ್ಕೆ ಹೋಗೋರು, ಮಲಗಕ್ಕೆ. ಅವಾಗ ಮೇಲ್ಗಡೆ ಬಾಡಿಗೆಗೆ ಕೊಟ್ಟಿರಲಿಲ್ಲ,' ಅಂದರು. ಹೆದರಿಸಬೇಕೆಂದು ಹೇಳಿದ್ದಲ್ಲ. ಸೀರೆಯ ಅಂಚು ಹಿಡಿದು ಕೊಡವುತ್ತಾ, ಅಂಗಡಿಯಿಂದ ಮಗ ಬರುವ ಹೊತ್ತು ಹೇಳಿದಷ್ಟೇ ಸಹಜವಾಗಿ ಹೇಳಿದರು.

ಮರುದಿನದಿಂದ ಮಧ್ಯಾಹ್ನ ನನಗೆ ಕಣ್ಣು ಮುಚ್ಚಲಾಗಲಿಲ್ಲ. ಮತ್ತೆ ಸದ್ದು ಬಂದ ದಿನ ಮಗಳು ಎಚ್ಚರವಾಗಿದ್ದಳು. ಆಡುತ್ತಿದ್ದವಳು ಆಟ ಬಿಟ್ಟು ಬಾಗಿಲ ಕಡೆ ನೋಡಿ ನಕ್ಕಳು. ಆ ನಗು ನೋಡಿ ನನಗೆ ಏನಾಯಿತೋ, ಚಿಲಕ ಎಳೆದು ಬಾಗಿಲು ತೆರೆದುಬಿಟ್ಟೆ.

ಎದುರಿಗೆ ನಾಯಿ ನಿಂತಿತ್ತು. ದೊಡ್ಡದು, ಬೂದಿ ಬಣ್ಣದ್ದು, ನಾನು ಎಂದೂ ನೋಡದ್ದು. ಅದರ ಹಿಂದೆ ಇನ್ನೊಂದು. ಕೆಳಗಿನವರೆಗೂ ಮೆಟ್ಟಿಲ ಮೇಲೆಲ್ಲ ನಾಯಿಗಳು. ಒಂದೂ ಬೊಗಳಲಿಲ್ಲ, ಗುರ್ ಎನ್ನಲಿಲ್ಲ, ಬಾಲ ಆಡಿಸಲಿಲ್ಲ. ಎಲ್ಲವೂ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದವು. ಮಗಳು ಅಂಬೆಗಾಲಲ್ಲಿ ಬಂದು ನನ್ನ ಸೀರೆ ಹಿಡಿದಳು. ಬೂದಿ ನಾಯಿಯ ಕಣ್ಣು ಮೆಲ್ಲಗೆ ನನ್ನ ಮುಖದಿಂದ ಅವಳ ಕಡೆಗೆ ಇಳಿಯಿತು. ನಾನು ಅವಳನ್ನು ಕಾಲಿನಿಂದಲೇ ಹಿಂದಕ್ಕೆ ಸರಿಸಿ, ಹೆಜ್ಜೆ ಹಿಂದಿಟ್ಟು ಬಾಗಿಲು ಹಾಕಿದೆ. ಅವು ಇಳಿದು ಹೋದದ್ದು ಯಾವಾಗಲೋ, ಸದ್ದೇ ಆಗಲಿಲ್ಲ.

ಆ ವಾರ ಬೀದಿಯವರೆಲ್ಲ ಅವುಗಳನ್ನು ನೋಡಿದರು. ಹಾಲಿನ ಬೂತಿಗೆ ಹೋಗುವವರ ಹಿಂದೆ ಒಂದಿಷ್ಟು ದೂರದಲ್ಲಿ ಬರುತ್ತಿದ್ದವಂತೆ. ತಿರುಗಿ ನೋಡಿದರೆ ನಿಲ್ಲುತ್ತಿದ್ದವಂತೆ. ಮಕ್ಕಳನ್ನು ಆಡಲು ಬಿಡುವುದು ನಿಂತಿತು.

ಆಗಲೇ ಪಾಲಿಕೆಯವರು ನಮ್ಮ ವಾರ್ಡಿನ ಶಾಲೆಯಲ್ಲಿ ಸಭೆ ಕರೆದರು. ಜನರನ್ನು ಕೂಡಿಸಿ ಕೇಳಿ ನಿರ್ಧಾರ ಮಾಡುವುದು ಅವರಿಗೂ ಹೊಸದು, ನಮಗೂ ಹೊಸದು. ಪಶುವೈದ್ಯೆಯೊಬ್ಬರು ಬಂದಿದ್ದರು. ಮಾತು ಶುರುವಾಗುವ ಮೊದಲೇ ಒಬ್ಬರು ಎದ್ದು, 'ಮೇಡಂ, ಹೋದ ಸಲ ತಗೊಂಡೋದ್ರಲ್ಲ, ಹಂಗೇ ಇವನ್ನೂ ತಗೊಂಡೋಗಿ, ಮುಗೀತು' ಅಂದರು.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. 'ಹೋದ ಸಲ ಯಾವಾಗ? ನಾವು ಈ ವಾರ್ಡಿಗೆ ಗಾಡಿ ಕಳ್ಸೇ ಇಲ್ವಲ್ಲ.'

ಆ ಗಾಡಿಯನ್ನು ಯಾರು ಕರೆಸಿದರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕರೆಸಿರಲಿಲ್ಲ, ಅಥವಾ ಯಾರೂ ಒಪ್ಪಲಿಲ್ಲ. ಆ ನಾಯಿಗಳು ಏನಾದವೆಂದು ಇವತ್ತಿಗೂ ಗೊತ್ತಿಲ್ಲ.

ನನ್ನ ಸರದಿ ಬಂದಾಗ ಮೆಟ್ಟಿಲ ಮೇಲೆ ಕಂಡದ್ದನ್ನು ಹೇಳಿದೆ. ನನ್ನ ಮಾತಿನ ಧಾಟಿಗೆ ಹಿಂದೆ ಯಾರೋ ಕಿಸಕ್ಕೆಂದರು. ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಡಾಕ್ಟರಮ್ಮ ಹೇಳಿದರು: 'ನಿಮ್ಮ ಹಳೇ ನಾಯಿಗಳು ಇರೋವರೆಗೂ ಬೇರೆಯವನ್ನ ಒಳಗೆ ಬಿಡ್ತಿರಲಿಲ್ಲ. ಬೀದಿ ಖಾಲಿಯಾಯ್ತು, ರಾಜಕಾಲುವೆ ಆಚೆಯಿಂದ ಇವು ಬಂದ್ವು. ಇವಕ್ಕೆ ನೀವೇ ಹೊಸಬ್ರು, ಅದಕ್ಕೇ ಬೊಗಳ್ದೆ ನೋಡ್ತಾ ಇದಾವೆ. ಇವನ್ನ ಸಾಗಿಸಿದ್ರೆ ಇನ್ನೊಂದಿಷ್ಟು ಬರ್ತವೆ. ನಾವು ಹಿಡಿದು ಮರಿ ಹಾಕದ ಹಾಗೆ ಆಪರೇಷನ್ ಮಾಡಿ, ರೇಬಿಸ್ ಇಂಜೆಕ್ಷನ್ ಹಾಕಿ, ಇದೇ ಬೀದಿಗೆ ತಂದು ಬಿಡ್ತೀವಿ. ಅನ್ನ ಹಾಕೋರು ಒಂದೇ ಜಾಗದಲ್ಲಿ ಹಾಕಿ. ಮಾಂಸದಂಗಡಿಯವರು ಕಸ ಮೋರಿಗೆ ಸುರಿಯೋದು ನಿಲ್ಸಬೇಕು, ಅದನ್ನ ನಾವು ನೋಡ್ಕೋತೀವಿ.'

'ತಿರ್ಗಾ ಇಲ್ಲೇ ಬಿಡ್ತೀರಾ?' ಎಂದು ಗದ್ದಲ ಎದ್ದಿತು. ಓನರಮ್ಮನ ಮಗನೇ ಹೆಚ್ಚು ಕೂಗಿದವನು. ಕೊನೆಗೆ ಓನರಮ್ಮ ಎದ್ದು ನಿಂತರು. 'ಬಿಡ್ಲಿ ಕಣೋ. ಈ ಬೀದೀಲಿ ನಾಯಿ ಬೊಗಳೋದು ಕೇಳದೆ ನಂಗೆ ನಿದ್ದೆ ಬಂದಿಲ್ಲ. ನಾನು ಅನ್ನ ಹಾಕ್ತೀನಿ,' ಅಂದರು. ಒಂದು ಬಾರಿ ಮಾಡಿ ನೋಡೋಣ ಎಂಬಲ್ಲಿಗೆ ಸಭೆ ಮುಗಿಯಿತು.

ಈ ಸಲದ ಗಾಡಿಯ ಮೇಲೆ ಪಾಲಿಕೆಯ ಹೆಸರಿತ್ತು. ಬೂದಿ ನಾಯಿ ವಾಪಸ್ ಬಂದಾಗ ಅದರ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಹಾಕಿದ್ದರು, ಆಪರೇಷನ್ ಆದದ್ದಕ್ಕೆ ಗುರುತು. ಓನರಮ್ಮ ಗೇಟಿನ ಪಕ್ಕ ಕಲ್ಲಿನ ಬಟ್ಟಲಿಟ್ಟರು. ಬಹಳ ದಿನ ಅವು ಯಾರೂ ಇಲ್ಲದಾಗಲೇ ಬಂದು ತಿಂದು ಹೋಗುತ್ತಿದ್ದವು. ಆಮೇಲೆ ನೆರಳಿಗೆ ಮಲಗತೊಡಗಿದವು. ಅದಾದ ಮೇಲೆ ಒಂದು ಬೆಳಿಗ್ಗೆ ಹಳೇ ಪೇಪರಿನವನನ್ನು ಕಂಡು ಬೊಗಳಿದವು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು, ಹಬ್ಬದ ವಾಲಗ ಕೇಳಿದಂತೆ.

ಇಷ್ಟೇ ಆಗಿದ್ದರೆ ನನ್ನ ಭಯ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ನಾನೂ ಓನರಮ್ಮನೂ ಅವರ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಮಗಳು ಒಳಗೆ ನಿದ್ದೆ ಮಾಡುತ್ತಿದ್ದಳು. ನಾಯಿಗಳು ಗೇಟಿನ ಹತ್ತಿರ ಮಲಗಿದ್ದವು. ಮೆಟ್ಟಿಲ ಮೇಲೆ ಸದ್ದಾಯಿತು. ಈ ಸಲ ಚೆನ್ನಾಗಿಯೇ ಕೇಳಿಸಿತು, ಚಪ್ಪಲಿ ಹಾಕಿದ ಕಾಲಿನ ಸದ್ದು. ಬೂದಿ ನಾಯಿ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿತು. ಬೊಗಳಲಿಲ್ಲ. ಯಾರೋ ಗೊತ್ತಿದ್ದವರನ್ನು ಕಂಡ ಹಾಗೆ ನಿಧಾನವಾಗಿ ಬಾಲ ಆಡಿಸಿತು. ಅಲ್ಲಿ ಯಾರೂ ಇರಲಿಲ್ಲ. ಓನರಮ್ಮ ತಲೆ ತಗ್ಗಿಸಿಕೊಂಡು ಕಾಯಿ ಸುಲಿಯುತ್ತಲೇ ಇದ್ದರು.

ಮುಂದೆ ನಾವು ಕೆಂಗೇರಿಗೆ ಮನೆ ಬದಲಿಸಿದೆವು. ಅಲ್ಲಿಯ ವಾರ್ಡ್ ಸಭೆಯಲ್ಲೂ ನಾಯಿಗಳ ಮಾತು ಬಂತು. 'ಎಲ್ಲಾನೂ ಎತ್ತಾಕ್ಸಿ ಸಾರ್' ಎಂದು ಒಬ್ಬ ಯುವಕ ಕೈಯೆತ್ತಿದ. ನಾನು ಎದ್ದು ಖಾಲಿಯಾದ ಬೀದಿಗೆ ಯಾರು ಬರುತ್ತಾರೆ ಎಂದು ಹೇಳಿದೆ. ಜಗಲಿಯಲ್ಲಿ ನಡೆದದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅಲ್ಲಿಯೂ ನಾಯಿಗಳನ್ನು ಹಿಡಿದು, ಇಂಜೆಕ್ಷನ್ ಹಾಕಿ, ತಂದು ಬಿಟ್ಟರು.