ಹಕ್ಕಲು ನಷ್ಟವಲ್ಲ

ಸಂಡಿಗೆ ಒಣಹಾಕಿದ ಪಂಚೆ ಗಾಳಿಗೆ ಹಾರದಿರಲೆಂದು ಅಮ್ಮ ಅದರ ಮೇಲೊಂದು ಕಬ್ಬಿಣದ ಸರಳಿನ ಚೌಕಟ್ಟು ಇಡುತ್ತಾಳೆ. ಮನೆಗೆ ಬಂದವರು ಇದು ಯಾವ ಕಿಟಕಿಯದೆಂದು ಕೇಳುತ್ತಾರೆ. ಕಿಟಕಿಯದಲ್ಲ, ಅದರ ನಾಲ್ಕೂ ಬದಿ ಕರಾರುವಾಕ್ಕಾಗಿ ಒಂದೊಂದು ಮೀಟರು, ಅದರೊಳಗೆ ಒಂದು ಸುಗ್ಗಿಯಿಡೀ ಮಂಡಿಯೂರಿ ನಾನು ಕಾಳು ಎಣಿಸಿದ್ದೇನೆ. ನಗು ಬಂದರೆ ನಕ್ಕುಬಿಡಿ, ಮಿತ್ರರೇ; ತ್ಯಾವಣಿಗೆ ಊರಿನ ಗದ್ದೆಗಳಲ್ಲಿ ನಗದೆ ಇದ್ದವರೇ ಕಡಿಮೆ.

ಎಂಬತ್ತರ ದಶಕದ ನಡುವಿನ ಮಾತು. ಕೃಷಿ ಪದವಿ ಮುಗಿಸಿ ಕೃಷಿ ಇಲಾಖೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಭತ್ತ ಕೊಯ್ದು, ಒಕ್ಕಿ, ತೂರಿ, ಎಲ್ಲವನ್ನೂ ನಡೆನಡೆಯುತ್ತಲೇ ಮುಗಿಸುವ ಯಂತ್ರವೊಂದು ಮೊದಲ ಸಲ ಊರಿಗೆ ಬಾಡಿಗೆಗೆ ಬಂದಿತ್ತು. ಅದು ನೆಲಕ್ಕೆ ಚೆಲ್ಲುವ ಕಾಳೆಷ್ಟೆಂದು ಈ ಚೌಕಟ್ಟಿಟ್ಟು ಅಳೆಯುವುದು ನನ್ನ ಕೆಲಸ. ಯಂತ್ರದ ಮಾಲೀಕ ರುದ್ರಪ್ಪನವರು ಮೇಲಿನ ಆಸನದಿಂದಲೇ ಕೂಗಿದರು: “ಮೇಡಂನೋರೆ, ಕಾಳು ಎಣಿಸಾಕೆ ಕಾಲೇಜು ಓದ್ಬೇಕಿತ್ತಾ? ನಮ್ಮನೆ ಕೋಳಿ ಓದ್ದೇನೇ ಮಾಡ್ತಾವೆ.”

“ಕೋಳಿ ಎಣಿಸಲ್ಲ ರುದ್ರಪ್ಪನವರೇ, ತಿಂದುಬಿಡುತ್ತೆ,” ಎಂದೆ. ನಾನು ಹೆಚ್ಚು ಮಾತಿನವಳಲ್ಲ; ಅವತ್ತಿನ ಮಾತು ಅಷ್ಟಕ್ಕೇ ಮುಗಿಯಬೇಕಿತ್ತು.

ಆದರೆ ಹಕ್ಕಲು ಆಯಲು ಬಂದಿದ್ದ ಹಾಲಮ್ಮ ನನ್ನ ಪಕ್ಕದಲ್ಲೇ ಕುಕ್ಕರಿಸಿದಳು. ಕೊಯ್ಲಾದ ಗದ್ದೆಯಲ್ಲಿ ಬಿದ್ದ ತೆನೆಗಳನ್ನು ಆಯ್ದು ಮಡಿಲು ತುಂಬಿಕೊಳ್ಳುವುದೇ ಹಕ್ಕಲು. “ಅಕ್ಕೋರೆ, ಈ ಕಪ್ಪಗಾಗಿರೋ ಕಾಳು ಮಿಷನ್ ಬರಾಕೆ ಮೊದ್ಲೇ ಉದುರಿದ್ದು. ಮೊಳಕೆ ಬಂದೈತೆ ನೋಡ್ರಿ,” ಎಂದಳು. ನಿಜ. ನಾಲ್ಕು ವರ್ಷದ ಓದಿಗೆ ಕಾಣದ ಮೊಳಕೆ. ಕೊಯ್ಯದ ಪೈರಿನ ಬುಡದಲ್ಲೂ ಚೌಕಟ್ಟಿಟ್ಟು ಎಣಿಸಿ ಅಷ್ಟನ್ನು ಕಳೆದೆ. ಕಳೆಯುವುದಕ್ಕೆ ಲೆಕ್ಕದಲ್ಲೊಂದು ಅರ್ಥ, ಬಾಳಿನಲ್ಲೊಂದು ಅರ್ಥ. ಗದ್ದೆಯಲ್ಲಿ ಕಿತ್ತೆಸೆಯುವ ಹುಲ್ಲಿಗೂ ಕಳೆಯೆಂದೇ ಹೆಸರು. ಕಳೆದ ಮೇಲೂ ಉಳಿದದ್ದು ಕಡಿಮೆಯೇನಿರಲಿಲ್ಲ.

ಆ ಕಾಳನ್ನು ಕರವಸ್ತ್ರದಲ್ಲಿ ಕಟ್ಟಿ ರುದ್ರಪ್ಪನವರ ಕೈಗಿಟ್ಟೆ. ಒಂದು ಸುತ್ತು ನಿಧಾನವಾಗಿ ಓಡಿಸಿ, ತೂರುವ ಗಾಳಿಯನ್ನು ತಗ್ಗಿಸಿ ಎಂದೆ. ಗೊಣಗುತ್ತಲೇ ಓಡಿಸಿದರು. ಮರುಎಣಿಕೆಯಲ್ಲಿ ಕಾಳು ಅರ್ಧಕ್ಕಿಂತ ಕೆಳಗಿಳಿದಿತ್ತು. ಕೋಳಿಯ ಮಾತು ಮತ್ತೆ ಬರಲಿಲ್ಲ.

ಇನ್ನು ಉಳಿದದ್ದು ತೆನೆಗಳು; ಯಂತ್ರದ ಬಾಯಿಗೆ ಸಿಗದೆ ಇಡಿಯಾಗಿ ಬಿದ್ದವು. ಅವನ್ನೂ ನಷ್ಟದ ಕಾಲಂಗೆ ಸೇರಿಸಲು ಪೆನ್ನು ತೆಗೆದಾಗ ಹಾಲಮ್ಮ ಕೇಳಿದಳು: “ಅವನ್ಯಾಕೆ ಬರೀತೀರಿ? ಉದುರಿದ ಕಾಳು ಮಣ್ಣಿಂದು. ತೆನೆ ಬಿದ್ರೆ ನಮ್ಮದು.”

ಪೆನ್ನು ನಿಂತಿತು. ಈ ವರದಿಯನ್ನು ರೈತರ ಸಭೆಯಲ್ಲಿ ಓದುತ್ತಾರೆ, ನಷ್ಟವೆಂದು ಬರೆದದ್ದನ್ನೆಲ್ಲ ಗದ್ದೆಯ ಯಜಮಾನರು ಆಳಿಟ್ಟು ಆಯಿಸಿಕೊಳ್ಳಬೇಕೆಂದು ಸಲಹೆ ಕೊಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾನು ಬರೆಯುವ ಒಂದು ಅಂಕಿ ಮುಂದಿನ ಸುಗ್ಗಿಯಲ್ಲಿ ಹಾಲಮ್ಮನನ್ನು ಬದುವಿನಾಚೆ ನಿಲ್ಲಿಸಬಲ್ಲದು. ಹಕ್ಕಲು, ಹಕ್ಕು, ಹಕ್ಕಿ: ಈ ಮೂರಕ್ಕೂ ಒಂದೇ ಬೇರು ಎಂದರೆ ಭಾಷೆ ಬಲ್ಲವರು ಒಪ್ಪಲಿಕ್ಕಿಲ್ಲ, ಗದ್ದೆ ಒಪ್ಪುತ್ತದೆ. ಯಾರ ಹೊಟ್ಟೆಗೂ ಸೇರದೆ ಕೊಳೆಯುವುದು ನಷ್ಟ. ಇನ್ನೊಬ್ಬರ ಒಲೆಗೆ ಹೋಗುವುದನ್ನು ಆ ಹೆಸರಿನಿಂದ ಕರೆದರೆ ನನ್ನ ಎಣಿಕೆ ಸರಿಯಿದ್ದೂ ಸುಳ್ಳಾಗುತ್ತದೆ.

ಸ್ಕೇಲು ಹಿಡಿದು ವರದಿಯ ನಮೂನೆಯಲ್ಲಿ ಪೆನ್ಸಿಲಿನಿಂದ ಒಂದು ಹೊಸ ಗೆರೆ ಎಳೆದೆ. ತಲೆಬರಹ: ಹಕ್ಕಲು. ತೆನೆಗಳನ್ನೆಲ್ಲ ಅಲ್ಲಿಗೆ ಬರೆದೆ.

ಮೇಲಧಿಕಾರಿಗಳು ಕನ್ನಡಕ ಏರಿಸಿ ನೋಡಿದರು. “ಇದ್ಯಾವ ನಷ್ಟಾರೀ?”

“ನಷ್ಟ ಅಲ್ಲ ಸರ್. ಅದಕ್ಕೇ ಬೇರೆ ಬರೆದಿದೀನಿ.”

“ನಮೂನೇಲಿ ಇಲ್ಲದ್ದನ್ನ ಸೇರಿಸಾಕೆ ನಿಮಗೇನ್ ಅಧಿಕಾರ ಐತ್ರಿ?” ಎಂದು ಆ ಕಾಲಂ ಮೇಲೆ ಕೆಂಪು ಪೆನ್ಸಿಲು ಎಳೆದು, ಶುದ್ಧಪ್ರತಿ ಮಾಡಿ ತನ್ನಿ ಎಂದರು.

ಅಧಿಕಾರವಿರಲಿಲ್ಲ, ಕೆಲಸವೂ ತಾತ್ಕಾಲಿಕ. ಸಂಜೆಯವರೆಗೆ ಕುಳಿತು ಶುದ್ಧಪ್ರತಿ ಮಾಡಿದೆ, ಒಂದು ಅಕ್ಷರವೂ ತಪ್ಪದಂತೆ. ಹಕ್ಕಲಿನ ಕಾಲಂ ಅನ್ನು ಈ ಸಲ ಶಾಯಿಯಲ್ಲಿ ಎಳೆದು, ಕೆಳಗೆ ನನ್ನ ಪೂರ್ತಿ ಹೆಸರು ಬರೆದು, ಅವರ ಮೇಜಿನ ಮೇಲಿಟ್ಟು ಬಂದೆ.