ಅಣಕು ಯುದ್ಧದಲ್ಲಿ ಸತ್ತ ಭೀಮಣ್ಣ

ಸತ್ತು ಮಲಗಿದ್ದ ಭೀಮಣ್ಣ ಒಂದು ಕಣ್ಣು ತೆರೆದು ನನ್ನನ್ನು ನೋಡಿದ. “ಟೀಚರ್, ನಮ್ಮಕ್ಕನ್ನ ಹೊರಗ ಕರಕೊಂಡು ಹೋಗ್ರಿ. ಇಲ್ಲಾಂದ್ರ ಇವತ್ತಿನ ನನ್ನ ಹಾಜರಿ ಹೋಗ್ತದ” ಎಂದು ಪಿಸುಗುಟ್ಟಿ ಮತ್ತೆ ಕಣ್ಣು ಮುಚ್ಚಿದ.

ಸತ್ತವನಿಗೆ ಎಂಥ ಹಾಜರಿ ಅಂತೀರಾ? ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಯುದ್ಧ ಶುರುವಾಗಿಯೇ ಬಿಟ್ಟಿತು ಎಂದು ಟಿವಿಗಳು ಕಿರುಚುತ್ತಿದ್ದ ವಾರ ನಿಮಗೂ ನೆನಪಿರಬೇಕು. ಯಾವ ಯಾವ ಊರಿನಲ್ಲಿ ಸೈರನ್ ಮೊಳಗಿಸಿ ಮಾಕ್ ಡ್ರಿಲ್ ಮಾಡಬೇಕು ಅಂತ ಒಂದು ಪಟ್ಟಿ ಬಂತು. ಅದರಲ್ಲಿ ನಮ್ಮ ರಾಯಚೂರಿನ ಹೆಸರಿತ್ತು. ಬಿಸಿಲು, ಗುಳೆ, ಹಿಂದುಳಿದ ಜಿಲ್ಲೆ, ಇಂಥ ಪಟ್ಟಿಗಳಲ್ಲಿ ಮಾತ್ರ ಮುಂದಿನ ಬೆಂಚಿನಲ್ಲಿ ಕೂತು ರೂಢಿಯಾದ ನಮಗೆ ಇದು ಹೊಸ ಗೌರವ. ಕಾರಣ, ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರ. ಅಲ್ಲಿನ ಚಿಮಣಿ ತಣ್ಣಗಾದರೆ ಎಲ್ಲೋ ದೂರದ ಫ್ಯಾಕ್ಟರಿಗಳು ನಿಲ್ಲುತ್ತವೆ. ಯುದ್ಧಕ್ಕೂ ಕರೆಂಟ್ ಬೇಕಲ್ಲವೇ?

ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ. ಮೈಸೂರಿನ ಗೆಳತಿಗೆ ಫೋನ್ ಮಾಡಿ, “ನೋಡಿದೆಯಾ, ನಮ್ಮೂರು ಎಷ್ಟು ಇಂಪಾರ್ಟೆಂಟ್” ಎಂದೆ. (ನಮ್ಮ ಜಿಲ್ಲೆಯನ್ನು ಇಷ್ಟು ಗೌರವದಿಂದ ನೋಡಿದವನು ಶತ್ರು ಒಬ್ಬನೇ ಎಂಬುದು ಆಗ ಹೊಳೆಯಲಿಲ್ಲ.)

ಮಾನ್ವಿಯಲ್ಲಿ ರೈಸ್ ಮಿಲ್ ನಡೆಸುವ ನನ್ನ ಮೈದುನನಿಗೆ ಮಾತ್ರ ಸಿಟ್ಟು. “ಏನ್ರಿ ಅತ್ತಿಗಿ, ಮಿಲಿಟ್ರಿಯವರು ಬರೇ ಕರೆಂಟ್ ತಿಂದು ಬದುಕ್ತಾರೇನು? ನಮ್ಮ ಅಕ್ಕಿ ಲೆಕ್ಕಕ್ಕಿಲ್ಲೇನು?” ಎಂದು ಫೋನಿನಲ್ಲೇ ಜಗಳಕ್ಕೆ ಬಂದ. ದೇವದುರ್ಗದ ಹೆಸರನ್ನಂತೂ ಯಾರೂ ಎತ್ತಲಿಲ್ಲ. ಇರುವುದು ಒಂದೇ ಜಿಲ್ಲೆ. ಒಂದು ಕಡೆ ಕರೆಂಟ್, ಇನ್ನೊಂದು ಕಡೆ ಅಕ್ಕಿ. ದೇವದುರ್ಗದಲ್ಲಿ ಏನಿದೆ? ದುಡಿಯುವ ಜನ ಇದ್ದಾರೆ. ದುಡಿಯುವ ಜನರನ್ನು ಯಾವ ದೇಶ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ?

ಮರುದಿನ ಬೆಳಗ್ಗೆ ಹನುಮವ್ವ ಬಂದಳು. ದೇವದುರ್ಗದ ಕಡೆಯ ಅರಕೇರಾದವಳು. ನಾನು ಅಲ್ಲಿನ ಶಾಲೆಯಲ್ಲಿ ಟೀಚರ್ ಆಗಿದ್ದಾಗ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಾನು ರಿಟೈರ್ ಆಗಿ ರಾಯಚೂರಿಗೆ ಬಂದ ಮೇಲೂ ಹಬ್ಬಕ್ಕೊಮ್ಮೆ ಮುಖ ತೋರಿಸಿ ಹೋಗುತ್ತಾಳೆ. ಅವತ್ತು ಹಬ್ಬವೇನೂ ಇರಲಿಲ್ಲ. ಕೈಯಲ್ಲಿ ಬುತ್ತಿ ಗಂಟಿತ್ತು. ಅದು ನನಗಲ್ಲ, ಅವಳ ತಮ್ಮ ಭೀಮಣ್ಣನಿಗೆ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಹಲ್ಲು ಬಂದಿರಲಿಲ್ಲವಂತೆ. ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಈಗ ಅವನು ಶಕ್ತಿನಗರದಲ್ಲಿ ಕಾಂಟ್ರ್ಯಾಕ್ಟ್ ಲೇಬರ್. ಕಲ್ಲಿದ್ದಲು ಸಾಗಿಸುವ ಬೆಲ್ಟಿನಿಂದ ಉದುರಿದ್ದನ್ನು ಗುಡಿಸಿ ಮತ್ತೆ ಬೆಲ್ಟಿಗೇ ಎತ್ತಿ ಹಾಕುವ ಕೆಲಸ.

“ಟೀಚರ್, ರಾಯಚೂರಿಗೆ ಬಾಂಬ್ ಹಾಕ್ತಾರಂತ, ಖರೇ ಏನ್ರಿ?”

“ಏನೂ ಆಗಂಗಿಲ್ಲ ಬಿಡು. ಮುಖ್ಯ ಊರು ಅಂತ ಹುಷಾರಿ ಹೇಳ್ಯಾರ, ಅಷ್ಟ.”

“ನಮ್ಮ ಅರಕೇರಾ ಆ ಪಟ್ಟ್ಯಾಗ ಅದೇನ್ರಿ?”

“ಇಲ್ಲ.”

“ದೇವದುರ್ಗ?”

“ಅದೂ ಇಲ್ಲ.”

ಅವಳ ಮುಖ ಅರಳಿತು. “ಹಂಗಾದ್ರ ಭೀಮನ್ನ ನಮ್ಮೂರಿಗೆ ಕಳಿಸಿಕೊಡ್ರಿ. ಯಾರಿಗೂ ಬ್ಯಾಡಾದ ಊರಾಗ ಇರ್ಲಿ ಅವ.”

ನಾನು ನಕ್ಕುಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಕೆ ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು?

ಭೀಮಣ್ಣನಿಗೆ ಫೋನ್ ಹಚ್ಚಿದೆ. ರಜೆ ಕೇಳಿದರೆ ಕಾಂಟ್ರ್ಯಾಕ್ಟರ್ ಮೈಮೇಲೆ ಬರುತ್ತಾನೆ ಎಂದ. “ಆದ್ರ ಇವತ್ತ ಮಧ್ಯಾಹ್ನ ನಾನೇ ರಾಯಚೂರಿಗೆ ಬರಾಕತ್ತೀನಿ ಟೀಚರ್. ಡ್ರಿಲ್ಲಿಗೆ ಮಂದಿ ಬೇಕಂತ, ನಮ್ಮನ್ನ ಕಳಸಾಕತ್ತಾನ. ಇವತ್ತಿನ ಹಾಜರಿ ಅಲ್ಲೇ ಹಾಕ್ತಾನಂತ. ಅಕ್ಕನ್ನ ಮೈದಾನಕ್ಕ ಕರಕೊಂಡು ಬರ್ರಿ. ಅಲ್ಲೇ ಬುತ್ತಿ ಉಣ್ತೀನಿ.” ಊರಿಗೆ ಹೋಗಲು ರಜೆ ಸಿಗದವನನ್ನು ಡ್ರಿಲ್ಲಿಗೆ ಅರ್ಧ ದಿನ ಬಿಡಬಹುದಾಗಿತ್ತು.

“ಚಲೋ ಆತು” ಎಂದಳು ಹನುಮವ್ವ. “ಅಲ್ಲಿಂದನ ರಟ್ಟಿ ಹಿಡಕೊಂಡು ಬಸ್ ಹತ್ತಿಸ್ತೀನಿ.”

ಆಟೋದಲ್ಲಿ ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ಸೈರನ್ ಕೂಗುತ್ತದೆ, ಹೊಗೆ ಬಿಡುತ್ತಾರೆ, ಜನ ಓಡುತ್ತಾರೆ, ಎಲ್ಲ ಸುಳ್ಳು, ಹೆದರಬೇಡ ಅಂತ. “ಬಯಲಾಟ ಇದ್ದಂಗ ಅನ್ರಿ” ಎಂದಳು. ಹೌದು ಎಂದೆ.

ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಶಾಮಿಯಾನದ ಕೆಳಗೆ ಕುರ್ಚಿ, ಕುರ್ಚಿಗಳ ಮೇಲೆ ದೊಡ್ಡವರು. ನಾವು ಹಗ್ಗದ ಈಚೆ ಬಿಸಿಲಲ್ಲಿ. ಸೈರನ್ ಕೂಗಿತು. ಹೊಗೆ ಎದ್ದಿತು. ಆಫೀಸುಗಳಿಂದ ಬಂದ ಒಂದಷ್ಟು ಜನ ಶಿಸ್ತಾಗಿ ಓಡಿ ಬಚ್ಚಿಟ್ಟುಕೊಂಡು ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಸ್ಟ್ರೆಚರ್‌ಗಳು ಬಂದವು. ಮೂರನೆಯದರಲ್ಲಿ ಭೀಮಣ್ಣ ಇದ್ದ. ಹಣೆ ತುಂಬ ಕೆಂಪು ಬಣ್ಣ. ನಮ್ಮ ಕಣ್ಣೆದುರೇ ಅವನನ್ನು ನೆಲಕ್ಕಿಳಿಸಿ, ಕಾಲಿನಿಂದ ತಲೆಯವರೆಗೆ ಬಿಳಿ ಬಟ್ಟೆ ಎಳೆದರು.

ನಮ್ಮ ಕಡೆ ಮಕ್ಕಳು ಆಟಕ್ಕೆಂದು ಹಾಗೆ ಬಿಳಿ ಬಟ್ಟೆ ಹೊದ್ದು ಮಲಗಿದರೂ ತಾಯಂದಿರು ಬೈದು ಎಬ್ಬಿಸುತ್ತಾರೆ. ಜೀವ ಇರುವವರ ಮುಖ ಮುಚ್ಚಬಾರದು. ಅದು ಆಟಕ್ಕೂ ಬೇಡ. ಡ್ರಿಲ್ ಮಾಡಿಸುವವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಪರವಾಗಿಲ್ಲ ಎನಿಸಿತೋ.

ಹನುಮವ್ವ ಹಗ್ಗದ ಕೆಳಗೆ ನುಸುಳಿ ಹೋಗಿದ್ದಳು. ನಾನು ಹಿಂದೆ ಓಡಿದೆ. ಅಷ್ಟರಲ್ಲಿ ಆಕೆ ಬಟ್ಟೆ ಕಿತ್ತೆಸೆದು ಅವನ ಕೆನ್ನೆ ತಟ್ಟುತ್ತಿದ್ದಳು. “ಏಳಲೇ ಭೀಮ. ಏಳು.” ಅವನು ಏಳಲಿಲ್ಲ. ಆಗಲೇ ಒಂದು ಕಣ್ಣು ತೆರೆದು ನನಗೆ ಹಾಜರಿಯ ಮಾತು ಹೇಳಿದ್ದು. ಯಾರೋ ಸೀಟಿ ಊದಿದರು. ವಿಡಿಯೋ ಮಾಡುತ್ತಿದ್ದವನು ಸರಿಯಿರಿ, ಸರಿಯಿರಿ ಎಂದು ಕೈಬೀಸುತ್ತಿದ್ದ.

ನಾನು ಅವಳ ಭುಜ ಹಿಡಿದು, “ಹನುಮವ್ವ, ಇದು ಸುಳ್ಳು. ನಿನಗ ಹೇಳಿದ್ದೆ ಇಲ್ಲ?” ಎಂದೆ.

ಆಕೆ ನನ್ನ ಕಡೆ ತಿರುಗಿದಳು. “ಸುಳ್ಳು ಅಂತ ನನಗೂ ಗೊತ್ತದ ಟೀಚರ್. ಸುಳ್ಳಿಗೆ ಸಾಯಾಕೂ ನಮ್ಮವನೇ ಬೇಕಾಗಿದ್ದನೇನ್ರಿ?”

ನಾನು ಅವಳ ರಟ್ಟೆ ಹಿಡಿದು ಹಗ್ಗದ ಈಚೆಗೆ ಕರೆತಂದೆ.

ಹೊರಗೆ ಬಂದ ಮೇಲೆ ಕಾಂಟ್ರ್ಯಾಕ್ಟರನ ಸೂಪರ್‌ವೈಸರನ್ನು ಹಿಡಿದು ಕೇಳಿದೆ, ಸತ್ತವರೆಲ್ಲ ನಿಮ್ಮ ಲೇಬರ್‌ಗಳೇ ಯಾಕೆ ಅಂತ. ಮನುಷ್ಯ ಕೆಟ್ಟವನಲ್ಲ, ಹನುಮವ್ವನಿಗೆ ತನ್ನ ನೀರಿನ ಬಾಟಲಿ ಕೊಟ್ಟ. “ಆಫೀಸಿನವರಿಗೆ ಮಣ್ಣಾಗ ಮಲಗ್ರಿ ಅಂತ ಹೆಂಗ ಹೇಳೋದ್ರಿ ಮೇಡಂ? ನಮ್ಮ ಮಂದಿ ಹೇಳಿದ ಕೂಡ್ಲೇ ಮಲಗ್ತಾರ” ಎಂದ.

ಪಟ್ಟಿ ನೋಡಿ ಬೀಗಿದ್ದೆನಲ್ಲ, ಆ ಜಂಬ ಇಳಿದದ್ದು ಆಗ. ದೇಶಕ್ಕೆ ಮುಖ್ಯವಾಗಿದ್ದು ರಾಯಚೂರಲ್ಲ, ರಾಯಚೂರಿನ ಚಿಮಣಿ. ಚಿಮಣಿಯ ಬೆಂಕಿಗೆ ಕಲ್ಲಿದ್ದಲು ಎತ್ತುವ ಕೈ ಅರಕೇರಾದಿಂದ ಬರುತ್ತದೆ. ಆ ಅರಕೇರಾದಲ್ಲಿ ಗಾಳಿ ಜೋರಾದರೆ ಸಾಕು, ಕರೆಂಟ್ ಹೋಗುತ್ತದೆ. ಯುದ್ಧ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಡ್ರಿಲ್ ಮುಗಿಯಿತು. ಭೀಮಣ್ಣ ನಲ್ಲಿಯಲ್ಲಿ ಮುಖ ತೊಳೆದು ಬಂದು ಬೇವಿನ ಮರದ ಕೆಳಗೆ ಕೂತ. ಹನುಮವ್ವ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನು ಹಸಿದಿದ್ದ, ಗಬಗಬ ತಿಂದ. ಅವನ ಕಿವಿಯ ಹಿಂದೆ ಇನ್ನೂ ಕೆಂಪು ಉಳಿದಿತ್ತು. ಆಕೆ ಸೆರಗು ಒದ್ದೆ ಮಾಡಿ ಅದನ್ನು ಉಜ್ಜುತ್ತಲೇ ಇದ್ದಳು.

“ಊರಿಗೆ ನಡಿ ತಮ್ಮಾ.”

“ಬರಾಕ ಆಗಂಗಿಲ್ಲಕ್ಕ. ಈಗ ಬಿಟ್ಟು ಬಂದ್ರ ಗೇಟ್ ಪಾಸ್ ಹೋಗ್ತದ. ಮತ್ತ ಒಳಗ ಕರಕೊಳ್ಳಲ್ಲ ಅವರು.”

ಆಕೆ ಎರಡನೇ ಸಲ ಕೇಳಲಿಲ್ಲ. ಕಾಂಟ್ರ್ಯಾಕ್ಟರನ ಟೆಂಪೋ ಬಂತು. ಅವತ್ತಿನ ಸತ್ತವರೆಲ್ಲ ಒಬ್ಬೊಬ್ಬರಾಗಿ ಹತ್ತಿ ಶಕ್ತಿನಗರಕ್ಕೆ ಹೋದರು.

ಬಸ್ ಸ್ಟ್ಯಾಂಡಿನಲ್ಲಿ ಹನುಮವ್ವ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ನನ್ನ ಕೈಗಿಟ್ಟಳು. ಭೀಮಣ್ಣನ ಮುಂಗೈಗೆ ಕಟ್ಟಿದ್ದ ಚೀಟಿ. ಊಟ ಮಾಡುವಾಗ ಬಿಚ್ಚಿ ಇಟ್ಟುಕೊಂಡಿದ್ದಳು. “ಏನು ಬರದಾರ, ಓದ್ರಿ.”

“ಮೃತ, ಮೂರು” ಎಂದು ಓದಿದೆ.

“ಅವನ ಹೆಸರು?”

“ಹೆಸರು ಬರದಿಲ್ಲ.”

ಹರಿದು ಒಗಿ ಅದನ್ನ ಎಂದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಚೀಟಿಯನ್ನು ಮಡಚಿ ಮತ್ತೆ ಸೆರಗಿಗೇ ಗಂಟು ಹಾಕಿಕೊಂಡಳು. ದೇವದುರ್ಗದ ಬಸ್ ಬಂತು. ಹತ್ತಿ, ಕಿಟಕಿಯ ಹತ್ತಿರ ಕೂತು, ಬಸ್ ಹೊರಡುವಾಗ ಕೇಳಿದಳು:

“ಖರೇ ಯುದ್ಧ ಬಂದ್ರ ಹೆಸರು ಬರೀತಾರಲ್ರಿ, ಟೀಚರ್?”