ಚಕ್ರದ ದನಿ ಕೇಳುವ ರತ್ನಕ್ಕ

ಮೊನ್ನೆ ಊಟಕ್ಕೆ ಕೂತಿದ್ದಾಗ ತಲೆಯ ಮೇಲಿನ ಫ್ಯಾನು ಕಟಕಟ ಎನ್ನತೊಡಗಿತು. ನಾನು ತುತ್ತನ್ನು ಕೈಯಲ್ಲೇ ಹಿಡಿದು ಕಣ್ಣು ಮುಚ್ಚಿದೆ. ಸದ್ದು ಸುತ್ತಿಗೊಮ್ಮೆ ಬರುತ್ತಿದೆಯೋ, ಎರಡು ಸುತ್ತಿಗೊಮ್ಮೆಯೋ ಎಂದು ಕಿವಿಗೊಟ್ಟಿದ್ದಾಗ ಹೆಂಡತಿ ಸಾರಿನ ಸೌಟು ಹಿಡಿದು ಬಂದಳು. “ಉಣ್ಣಾಕೆ ಕೂತೋರು ಧ್ಯಾನಕ್ಕೆ ಕೂತ್ರಾ? ಕರೆಂಟ್ ಕೆಲ್ಸದೋರ್ಗೆ ಫೋನ್ ಮಾಡಿ, ಸಾಕು” ಎಂದಳು. ಒಂದು ರೆಕ್ಕೆಯ ತಿರುಪು ಸಡಿಲವಾಗಿದೆ ಎಂದು ನಾನು ಗಂಭೀರವಾಗಿ ಘೋಷಿಸಿದೆ. ಏಣಿ ಹತ್ತಿ ನೋಡಿದರೆ ಅಲುಗುತ್ತಿದ್ದದ್ದು ರೆಕ್ಕೆಯಲ್ಲ, ಫ್ಯಾನಿನ ಕೊಕ್ಕೆ ಮುಚ್ಚುವ ಮೇಲಿನ ಬಟ್ಟಲು. ಹಾಗಾಗಿ ನನ್ನ ಕಿವಿಯ ಬಗ್ಗೆ ನಿಮ್ಮ ಮುಂದೆ ಜಂಬ ಕೊಚ್ಚುವ ಹಾಗಿಲ್ಲ. ಆದರೆ ಕಣ್ಣು ಮುಚ್ಚಿ ಕೇಳುವ ಈ ಅಭ್ಯಾಸ ನನಗೆ ಎಲ್ಲಿಂದ ಬಂತು ಎಂಬುದನ್ನು ಹೇಳದೆ ಇರಲಾರೆ.

ನಾನು ಸೈಕಲ್ ರಿಪೇರಿಯವನು. ಹುಣಸೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ನಮ್ಮ ಅಂಗಡಿ. ‘ನಮ್ಮ’ ಎಂದರೆ ಅಲ್ಲಿ ಕೆಲಸ ಮಾಡುವ ಎಲ್ಲರದೂ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೂ ಇಂಥದೇ ಒಂದೊಂದು ಇದೆ. ಯಾವುದಕ್ಕೂ ಬೇರೆ ಯಜಮಾನನಿಲ್ಲ. ಸ್ಪ್ಯಾನರ್ ಹಿಡಿಯುವವರೇ ಯಜಮಾನರು. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ “ಈ ಕಾಲ್ದಾಗೆ ಸೈಕಲ್ ಯಾರ್ ತುಳೀತಾರೆ ಬುಡಿ” ಎಂದರೆ ನಾನು ವಾದಕ್ಕಿಳಿಯುವುದಿಲ್ಲ. ಒಂದು ಬೆಳಿಗ್ಗೆ ಬಂದು ನಮ್ಮ ಬೆಂಚಿನ ಮೇಲೆ ಕೂತು ನೋಡಿ ಎನ್ನುತ್ತೇನೆ. ಡೈರಿಗೆ ಹಾಲು ಹಾಕಿದವರು ಖಾಲಿ ಕ್ಯಾನು ಗಲಗಲ ಅನ್ನಿಸುತ್ತ ಬಂದು ಬ್ರೇಕ್ ಬಿಗಿ ಮಾಡಿಸುತ್ತಾರೆ. ಸೈಕಲ್ ತುಳಿಯಿರಿ ಎಂದು ಡಾಕ್ಟರ ಕೈಲಿ ಬೈಸಿಕೊಂಡ ಬ್ಯಾಂಕಿನವರು ಮೆತ್ತನೆಯ ಸೀಟು ಕೇಳುತ್ತಾರೆ. ದಿನದ ಮಟ್ಟಿಗೆ ಬಾಡಿಗೆಗೆ ಒಯ್ಯುವವರಿದ್ದಾರೆ. ಗುಜರಿಗೆ ಹೋಗಬೇಕಾದ ಮೂರು ಸೈಕಲ್ ಬಿಚ್ಚಿ ಒಂದು ಗಟ್ಟಿ ಸೈಕಲ್ ಕಟ್ಟುತ್ತೇವೆ. ಕಾಲು ಸ್ವಾಧೀನವಿಲ್ಲದವರಿಗೆ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯನ್ನು ಅವರವರ ಅಳತೆಗೇ ಮಾಡಿಕೊಡುತ್ತೇವೆ. ಭಾನುವಾರ ಮೈದಾನದಲ್ಲಿ ಹೆಂಗಸರಿಗೆ ಸೈಕಲ್ ಕಲಿಸುತ್ತೇವೆ. ಐವತ್ತು ದಾಟಿದವರು ಸೀರೆ ಎತ್ತಿ ಕಟ್ಟಿ, ಬಿದ್ದು, ನಕ್ಕು, ಮತ್ತೆ ಹತ್ತುವುದನ್ನು ನೋಡಿದರೆ ನಿಮಗೂ ಧೈರ್ಯ ಬರುತ್ತದೆ. ಗಾಳಿಯಂತೂ ಎಲ್ಲರಿಗೂ ಪುಕ್ಕಟೆ.

ಮೊದಲು ಹುಣಸೂರಿನ ಅಂಗಡಿ ಒಬ್ಬ ಸಾಹುಕಾರರದಾಗಿತ್ತು. ನಾವು ಆರು ಮಂದಿ ಮೆಕ್ಯಾನಿಕ್‌ಗಳು. ಹಿರಿಯವರು ಸಿದ್ದಯ್ಯಣ್ಣ. ಆದರೆ ಚಕ್ರದ ಬೆಂಡು ತೆಗೆಯುವುದಕ್ಕೆ ನಾನೇ ಎಂದು ಊರಲ್ಲೆಲ್ಲ ಹೆಸರು. ಗುಂಡಿಗೆ ಬಿದ್ದ ಸೈಕಲ್ಲಿನ ಚಕ್ರ ಸೊಟ್ಟಗಾಗಿ ಅತ್ತಿತ್ತ ಓಲಾಡುತ್ತದೆ, ಬ್ರೇಕಿಗೆ ತಾಕುತ್ತದೆ. ಅದರ ಕಡ್ಡಿಗಳಲ್ಲಿ ಕೆಲವನ್ನು ಬಿಗಿದು ಕೆಲವನ್ನು ಸಡಿಲಿಸಿ ಮತ್ತೆ ನೆಟ್ಟಗೆ ಮಾಡಬೇಕು. ಹಾಗೆ ಸರಿಮಾಡಿದ ಚಕ್ರಗಳನ್ನು ಸಂಜೆ ಮೊಳೆಗೆ ನೇತುಹಾಕಿ, ಕೈ ಒರೆಸಿಕೊಂಡು, ದೊಡ್ಡ ವೈದ್ಯನ ಹಾಗೆ ಮನೆಗೆ ಹೊರಡುತ್ತಿದ್ದೆ. ಬೆಳಿಗ್ಗೆ ಗಿರಾಕಿಯ ಮುಂದೆ ತಿರುಗಿಸಿದರೆ ಚಕ್ರ ನೂಲು ಹಿಡಿದಂತೆ ನೆಟ್ಟಗೆ ಓಡುತ್ತಿತ್ತು.

ಅಂಗಡಿಯ ಬಾಗಿಲು ತೆಗೆದು ಗುಡಿಸುತ್ತಿದ್ದವಳು ನಾಗರತ್ನಮ್ಮ. ನನಗಿಂತ ಏಳೆಂಟು ವರ್ಷ ದೊಡ್ಡವಳು, ಎಲ್ಲರಿಗೂ ರತ್ನಕ್ಕ. ಮೊದಲು ಹೊಗೆಸೊಪ್ಪು ಗ್ರೇಡ್ ಮಾಡಲು ಹೋಗುತ್ತಿದ್ದಳು. ಎಲೆಯನ್ನು ಬೆರಳಲ್ಲಿ ಸವರಿದರೆ ಸಾಕು, ಅದು ಯಾವ ಗುಂಪಿಗೆ ಸೇರಬೇಕೆಂದು ಅವಳಿಗೆ ತಿಳಿಯುತ್ತಿತ್ತಂತೆ. ಅದರ ಘಾಟಿಗೆ ಕೆಮ್ಮು ಹಿಡಿದು, ಆ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಳು. ಮಾತು ಕಡಿಮೆ. ನಾವೂ ಅವಳನ್ನು ಮಾತಾಡಿಸಿದ್ದು ಕಡಿಮೆಯೇ, ಚಹಾ ತರಲು ಹೇಳುವಾಗ ಬಿಟ್ಟರೆ.

ಸಾಹುಕಾರರಿಗೆ ಮಂಡಿನೋವು ಬಂದು ಓಡಾಡುವುದೇ ಕಷ್ಟವಾಯಿತು. ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು, “ಬ್ಯಾರೇರ್ಗೆ ಕೊಟ್ರೆ ಇಲ್ಲಿ ಬೇಕರಿ ಮಾಡ್ತಾರೆ. ನೀವೇ ನಡೆಸ್ಕಂಡ್ ಓಗ್ತೀರೇನ್ರೋ?” ಎಂದರು. ಅಲ್ಲಿಯತನಕ ನಮ್ಮನ್ನು ಯಾರೂ ಕೇಳಿರದ ಪ್ರಶ್ನೆ ಅದು. ಸಿದ್ದಯ್ಯಣ್ಣ ಎದ್ದು ನಿಂತು “ನಡೆಸ್ತೀವಿ” ಎಂದುಬಿಟ್ಟರು.

ಕೆಲಸ ಮಾಡುವವರೇ ಸೇರಿ ಸಂಘ ಕಟ್ಟುವುದು, ಒಬ್ಬರಿಗೆ ಒಂದೇ ಮತ ಎಂದು ತೀರ್ಮಾನವಾಯಿತು. ಸದಸ್ಯರ ಪಟ್ಟಿ ಬರೆಯುವ ಕೆಲಸ ನನ್ನದು, ನನ್ನ ಅಕ್ಷರ ದುಂಡಗಿದೆ ಎಂದು. ಬರೆದು ಆರು ಹೆಸರನ್ನೂ ಜೋರಾಗಿ ಓದಿದೆ. ರತ್ನಕ್ಕ ಚಹಾದ ತಟ್ಟೆ ಕೆಳಗಿಟ್ಟಳು.

“ನನ್ನೆಸ್ರು ಎಲ್ಲದೆ ತಮ್ಮ?”

ನಾನು ನಕ್ಕೆ. ಆ ನಗು ನೆನಪಾದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. “ಇದು ಮೆಕ್ಯಾನಿಕ್‌ಗಳ ಸಂಘ ಕಣಕ್ಕ. ನೀನು ಕಸ ಗುಡಿಸೋಳು” ಎಂದೆ.

ಅವಳು ಸಿಟ್ಟಾಗಲಿಲ್ಲ. “ಸಂಜೆ ನೀನು ಬೆಂಡ್ ತೆಗ್ದು ನೇತಾಕಿ ಓಯ್ತೀಯಲ್ಲ ಚಕ್ರ, ಬೆಳಗ್ಗೆ ಅದ ತಿರುಗ್ಸಿ ನೋಡಿದ್ದೀಯಾ?”

“ದಿನಾ ನೋಡ್ತೀನಿ. ನೆಟ್ಟಗಿರ್ತದೆ.”

“ಸಂಜೆ ನೆಟ್ಟಗಿರ್ತಿರ್ಲಿಲ್ಲ ಕಣಪ್ಪ.”

ಸಿದ್ದಯ್ಯಣ್ಣ ಮೂಲೆಯ ರಾಶಿಯಿಂದ ಎರಡು ಸೊಟ್ಟ ಚಕ್ರ ಎಳೆದು ತಂದು, “ಇಬ್ರೂ ಮಾಡಿ, ನೋಡವ” ಎಂದರು. ನಾನು ಬೇಗ ಮುಗಿಸಿದೆ. ಅವರು ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿದರು. ಉಬ್ಬಿದ ಕಡೆ ಮಾತ್ರ ಸುಣ್ಣ ತಾಕುತ್ತದೆ. ನನ್ನ ಚಕ್ರಕ್ಕೆ ಎರಡು ಕಡೆ ಬಿಳಿ ಗೆರೆ ಬಿತ್ತು.

ರತ್ನಕ್ಕ ಕಣ್ಣು ಮುಚ್ಚಿ ಕೂತಳು. ಒಂದೊಂದೇ ಕಡ್ಡಿಯನ್ನು ಉಗುರಲ್ಲಿ ಮೀಟುತ್ತ, “ಇದು ಕಿರುಚ್ತದೆ... ಇದು ಸೊಲ್ಲೇ ಎತ್ತಾಕಿಲ್ಲ” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ, ಕಿರುಚಿದ್ದನ್ನು ಸಡಿಲಿಸಿ, ಸುಮ್ಮನಿದ್ದದ್ದನ್ನು ಬಿಗಿದಳು. ಎಲ್ಲ ಕಡ್ಡಿಗಳೂ ಒಂದೇ ದನಿಯಲ್ಲಿ ನುಡಿಯುವ ತನಕ ಬಿಡಲಿಲ್ಲ. ಸಿದ್ದಯ್ಯಣ್ಣ ಸೀಮೆಸುಣ್ಣ ಹಿಡಿದು ಎಷ್ಟು ತಿರುಗಿಸಿದರೂ ರಿಮ್ಮಿನ ಮೇಲೆ ಗೆರೆ ಬೀಳಲಿಲ್ಲ. ಅವರು ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು: “ಬರಿ ಕಣ್ಲಾ.”

ಏಳನೆಯ ಹೆಸರು ಬರೆದೆ. ಅಕ್ಷರ ಅಷ್ಟೇನೂ ದುಂಡಗೆ ಬರಲಿಲ್ಲ.

“ದಿನಾ ಬೆಳಿಗ್ಗೆ ನನ್ನ ಚಕ್ರ ನೀನು ಸರಿ ಮಾಡ್ತಿದ್ದೆ ಅಂತ ಇಷ್ಟು ದಿನ ಯಾಕಕ್ಕ ಹೇಳ್ಲಿಲ್ಲ?” ಎಂದು ಆಮೇಲೆ ಕೇಳಿದೆ. “ನಿನ್ನ ಚಕ್ರ ಚೆಂದಾಗಿ ಓಡ್ತದೆ ಅಂತ ಗಿರಾಕಿ ಬತ್ತಿದ್ರು. ಅಂಗ್ಡಿ ನಡೀತಿತ್ತು. ಈಗ ಅಂಗ್ಡಿ ನಂದೂ ಆಗೋ ಒತ್ತು, ಅದ್ಕೇ ಹೇಳ್ದೆ” ಎಂದಳು. ನಾನು ಅವಳನ್ನು ಕ್ಷಮಿಸಲು ಸುಮಾರು ದಿನ ಹಿಡಿಯಿತು. ಕ್ಷಮಿಸಬೇಕಾದವಳು ಅವಳು ಎಂದು ತಿಳಿಯಲು ಇನ್ನೂ ಹೆಚ್ಚು.

ಸಂಘ ಬೆಳೆಯಿತು. ಪಿರಿಯಾಪಟ್ಟಣ, ಕೆ.ಆರ್. ನಗರದ ಅಂಗಡಿಗಳು ಬೇಗ ಕಾಲೂರಿದವು. ಎಚ್.ಡಿ. ಕೋಟೆಯದು ಮಾತ್ರ ನೊಣ ಹೊಡೆಯುತ್ತಿತ್ತು. ಅದನ್ನು ಮುಚ್ಚೋಣವೇ ಎಂದು ಸಭೆ ಸೇರಿದಾಗ ಮುಚ್ಚಬೇಕೆಂದು ಎಲ್ಲರಿಗಿಂತ ಉದ್ದ ಭಾಷಣ ಮಾಡಿದವನು ನಾನು. ರತ್ನಕ್ಕ ಕೊನೆಗೆ, “ಗಿರಾಕಿ ಬತ್ತಿಲ್ಲ ಅಂದ್ರೆ ಸೈಕಲ್ ಇಲ್ಲ ಅಂತಲಾ? ಮೂರ್ ತಿಂಗ್ಳು ಕೊಡಿ, ನಾನೋಗಿ ನೋಡ್ತೀನಿ” ಎಂದಳು. ಕೊಟ್ಟೆವು. ಗಡುವು ಮುಗಿದಾಗ ನೋಡಿಕೊಂಡು ಬರಲು ನನ್ನನ್ನೇ ಕಳಿಸಿದರು.

ಬೆಳಗಿನ ಬಸ್ಸಿಗೆ ಹೋದೆ. ಅಂಗಡಿಗೆ ಬೀಗ. ನಾನು ಹೇಳಿದ್ದೇ ಸರಿ ಎಂದು ಒಳಗೊಳಗೇ ಖುಷಿಪಡುವಷ್ಟರಲ್ಲಿ ಬಾಗಿಲ ಮೇಲಿನ ರಟ್ಟು ಕಣ್ಣಿಗೆ ಬಿತ್ತು: ‘ಗುರುವಾರ ಅಂತರಸಂತೆ ಕಡೆ ಸಿಗುತ್ತೇವೆ.’ ಮತ್ತೊಂದು ಬಸ್ಸು ಹಿಡಿದೆ. ಕಾಕನಕೋಟೆ ಕಾಡಿನ ಅಂಚಿನಲ್ಲಿ, ಬುಡಕಟ್ಟಿನವರ ಒಂದು ಹಾಡಿಯಲ್ಲಿ, ಹೊಂಗೆ ಮರದಡಿ, ರತ್ನಕ್ಕ ಸ್ಪ್ಯಾನರ್ ಡಬ್ಬಿ ತೆರೆದು ಕೂತಿದ್ದಳು. ಅವಳ ಮುಂದೆ ಸೈಕಲ್ಲುಗಳ ಸಾಲು. ಮಕ್ಕಳಿಗೆ ಸ್ಕೂಲಿನಿಂದ ಬಂದವು, ಅಂಗನವಾಡಿ ಆಯಾದು, ಕೂಲಿಗೆ ಹೋಗುವವರವು. ಒಂದು ಪಂಚರಿಗೆ ಕೋಟೆಯತನಕ ಹೊತ್ತೊಯ್ಯಬೇಕಲ್ಲ ಎಂದು ಕೊಟ್ಟಿಗೆಯಲ್ಲಿ, ಸೂರಿನಡಿ ತುಕ್ಕು ಹಿಡಿಯುತ್ತಿದ್ದವು. ಊರು ಅಂಗಡಿಗೆ ಬರಲಾಗದಿದ್ದರೆ ಅಂಗಡಿಯೇ ಊರಿಗೆ ಹೋಗುವುದು ನನ್ನ ಉದ್ದದ ಭಾಷಣದಲ್ಲಿ ಎಲ್ಲೂ ಇರಲಿಲ್ಲ.

“ಬಾ ತಮ್ಮ, ಕೈ ಕಮ್ಮಿ ಬಿದ್ದವೆ” ಎಂದಳು. ಯಾಕೆ ಬಂದೆ ಎಂದು ಕೇಳಲಿಲ್ಲ. ನಾನೂ ಕೂತು ಒಂದು ಚಕ್ರ ಮುಗಿಸಿದೆ. ಪಕ್ಕದಲ್ಲಿ ಬ್ರೇಕ್ ಜೋಡಿಸುತ್ತಿದ್ದವಳು ಬೊಮ್ಮಿ, ಅದೇ ಹಾಡಿಯ ಹೆಂಗಸು, ರತ್ನಕ್ಕನ ಹತ್ತಿರ ಕೆಲಸ ಕಲಿಯುತ್ತಿದ್ದಳು. ನನ್ನ ಚಕ್ರದ ಮೇಲೆ ಒಮ್ಮೆ ಉಗುರಾಡಿಸಿ, ಸಂಕೋಚದಿಂದ, “ಇದೊಂದ್ ಕಡ್ಡಿ ಸುಮ್ಕದೆ ಅಣ್ಣ” ಎಂದಳು. ರತ್ನಕ್ಕ ತಲೆ ಎತ್ತಲಿಲ್ಲ, ಆದರೆ ಅವಳ ಭುಜ ನಗುತ್ತಿತ್ತು.

ಅಂದು ನಾನು ಮೊದಲ ಸಲ ಕಣ್ಣು ಮುಚ್ಚಿದೆ. ಮೀಟಿದೆ. ಮೊದಮೊದಲು ಎಲ್ಲವೂ ಒಂದೇ ಥರ ಕೇಳಿತು. ಆಮೇಲೆ, ನಿಜವಾಗಿಯೂ, ಒಂದು ಕಡ್ಡಿ ಸುಮ್ಮನಿತ್ತು.

ಮಧ್ಯಾಹ್ನದ ಹೊತ್ತಿಗೆ ಸೈಕಲ್ಲುಗಳು ಒಂದೊಂದಾಗಿ ಮಣ್ಣು ರಸ್ತೆಗೆ ಇಳಿದವು. ಅಂಗನವಾಡಿ ಆಯಾ ಎರಡು ಸುತ್ತು ಹೊಡೆದು, ನಮ್ಮ ಮುಂದೆ ಗಂಟೆ ಬಾರಿಸಿ ಹೋದಳು. ಮುಂದಿನ ಸಭೆಯಲ್ಲಿ ನಾನು ಗಿಡ್ಡ ಭಾಷಣ ಮಾಡಿದೆ: “ಮುಚ್ಚೋದಿರ್ಲಿ, ಅಲ್ಗೆ ಇನ್ನೊಬ್ರು ಬೇಕು. ನಾನೋಗ್ತೀನಿ.” ಒಂದು ವರ್ಷ ರತ್ನಕ್ಕನ ಕೆಳಗೆ ಕೆಲಸ ಕಲಿತೆ. ಈಗ ಯಾರೇ ಹೊಸದಾಗಿ ಸೇರಿದರೂ ಮೊದಲು ಕೋಟೆಗೆ, ಅವಳ ಹತ್ತಿರಕ್ಕೇ ಕಳಿಸುತ್ತೇವೆ.

ಹೋದ ವಾರ ರಾವಂದೂರಿನಲ್ಲಿ ಐದನೆಯ ಅಂಗಡಿ ತೆರೆದೆವು. ಅದರ ಜವಾಬ್ದಾರಿ ಬೊಮ್ಮಿಯದು, ಜೊತೆಗೆ ನಾನು. ಮೊದಲ ಗಿರಾಕಿ ಒಬ್ಬ ಶುಂಠಿ ಬೆಳೆಗಾರರು. ಸೈಕಲ್ ತಳ್ಳಿಕೊಂಡು ಬಂದು, “ಓನರ್ರು ಒಳ್ಗವ್ರಾ?” ಎಂದರು.

“ನಾನೇ, ಹೇಳಿ” ಎಂದೆ.

ಅವರು ನನ್ನ ಮಸಿ ಮೆತ್ತಿದ ಬನಿಯನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನಲ್ಲ ಕಣಪ್ಪ, ಓನರ್ರು” ಎಂದರು.

“ನಾನೂ ಓನರ್ರೇ ಕಣ್ರೀ. ಏನಾಗದೆ ಗಾಡಿಗೆ?” ಎಂದು ಬೊಮ್ಮಿ ಒಳಗಿನಿಂದ ಬಂದಳು.

ಅವರು ಇಬ್ಬರನ್ನೂ ನೋಡಿದರು. “ಇಬ್ರೂ ಓನರ್ರಾದ್ರೆ ಕೆಲ್ಸ ಮಾಡೋರ್ ಯಾರು?”

ಅಷ್ಟರಲ್ಲಿ ಬೊಮ್ಮಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿಯಾಗಿತ್ತು. “ಇತ್ತಗೆ ಬಾ ಅಣ್ಣ, ಹಿಂದ್ಲು ಚಕ್ರ ಹಿಡ್ಕೊ” ಎಂದಳು. ಹಿಡಿದುಕೊಂಡೆ.